ಮೀನುಗಾರಿಕೆ ರಜೆಯ ಕುರ್ಚಿ: ದೋಣಿ ಮರ, ಟ್ರಾಲ್ ಬಲೆ, ಒಂದು ಹೆಂಚು

ಉಡುಪಿ ಹತ್ತಿರದ ಮೀನುಗಾರಿಕೆ ಬಂದರು ಮಲ್ಪೆ ಕಡೆಯ ಹಳೆ ಸಾಮಾನಿನಲ್ಲೇ ಒಂದು ಕುರ್ಚಿ ಮಾಡಬೇಕು ಅಂತ ಬಹಳ ಸಮಯದಿಂದ ತಲೆಯಲ್ಲಿ ಇತ್ತು. ಈ ಮಳೆಗಾಲದಲ್ಲಿ ಮಾಡಿ ಮುಗಿಸಿದೆ. ಉಪಯೋಗಿಸಿದ್ದು ಒಡೆದ ದೋಣಿಯ ಮರ, ಹರಿದ ಟ್ರಾಲ್ ಬಲೆ (ಬೋಟಿನ ಹಿಂದೆ ಎಳೆಯುವ ಬಲೆ), ಪ್ಲಾಸ್ಟಿಕ್ ಹಗ್ಗ, ಪರ್ಸೀನ್ ಬಲೆಯ (ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಬಲೆ) ತೇಲುವ ಬೆಂಡು ಮತ್ತು ಒಂದು ಹೆಂಚಿನ ತುಂಡು. ಇಂಥ ಸಾಮಾನು ಹಿಡಿದು ಕೂರುವವರಿಗೆ ಉಪಯೋಗ ಆಗಬಹುದು ಅಂತ ಅಳತೆ, ಖರ್ಚು, ಕೆಟ್ಟುಹೋದ ಕೆಲಸ ಎಲ್ಲ ಬರೆದಿಡುತ್ತಿದ್ದೇನೆ.

ಕುರ್ಚಿಯ ವಿಷಯ ಮೀನುಗಾರಿಕೆ ರಜೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಸಮಯ, ಕಡಲೂ ಜೋರು. ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ವರ್ಷವಿಡೀ ನಿಂತೇ ಕೆಲಸ ಮಾಡುವವರು ಕೂರುವುದು ಈ ಎರಡು ತಿಂಗಳು. ಹಾಗಾಗಿ ಕುರ್ಚಿ.

ಮೇ ಕೊನೆ: ಕಾಗದದ ಮೇಲೆ

ಶುರುವಿಗೆ ಎಲ್ಲರಿಂದಲೂ ಸಲಹೆ ಬಂತು. ಬೆನ್ನಿಗೆ ಯಕ್ಷಗಾನದ ಕಿರೀಟ ಕೆತ್ತಿಸು, ಕೈಗೆ ಮೀನಿನ ತಲೆ ಇಡು, ಕಾಲಿಗೆ ಲಂಗರು. ಕರಾವಳಿ ಅಂದ ಕೂಡಲೇ ಕಿರೀಟ ಬರಲೇಬೇಕು, ಅಲ್ವಾ? ಹೋಟೆಲ್ ಲಾಬಿಗಳಲ್ಲಿ ಅಂಥದ್ದು ಬೇಕಾದಷ್ಟು ಉಂಟು. ನನಗೆ ಬೇಡ.

ನನ್ನ ಮನಸ್ಸಿನಲ್ಲಿ ಇದ್ದದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿ ಇರುವ ಒಂದು ಕುರ್ಚಿ. ಮೊಜಾಂಬಿಕ್‌ನ ಕಲಾವಿದ ಕ್ರಿಸ್ಟೋವಾವೊ ಕನ್ಯಾವಾಟೊ, ಕೆಸ್ಟರ್ ಅಂತ ಕರೆಯುತ್ತಾರೆ, 2001ರಲ್ಲಿ ಮಾಡಿದ್ದು. ಪೂರ್ತಿ ಬಂದೂಕಿನದ್ದು. ಅಲ್ಲಿನ ಅಂತರ್ಯುದ್ಧ 1992ರಲ್ಲಿ ಮುಗಿದ ಮೇಲೆ ಜನ ಬಂದೂಕು ತಂದು ಕೊಟ್ಟು ಬದಲಿಗೆ ಸೈಕಲ್, ಹೊಲಿಗೆ ಯಂತ್ರ, ಗುದ್ದಲಿ ತೆಗೆದುಕೊಂಡು ಹೋಗುತ್ತಿದ್ದರು. ಆ ಬಂದೂಕುಗಳನ್ನು ಕತ್ತರಿಸಿ ಮಾಡಿದ ಕುರ್ಚಿ ಅದು. ಕಾಲು ಬಂದೂಕು, ಕೈ ಬಂದೂಕು, ಬೆನ್ನೂ ಬಂದೂಕು. ಕುರ್ಚಿಯ ಭಾರ ಹೊರುವುದೂ ಅದೇ, ಅರ್ಥ ಹೊರುವುದೂ ಅದೇ. ನಾನೂ ಅದೇ ನಿಯಮ ಇಟ್ಟುಕೊಂಡೆ. ಯಾವ ಸಾಮಾನು ಕುರ್ಚಿಗೆ ಕೆಲಸ ಮಾಡಿಕೊಡುತ್ತದೋ ಅದು ಇರಲಿ. ಸುಮ್ನೆ ಅರ್ಥಕ್ಕೆ ಅಂತ ಅಂಟಿಸಿದ್ದು ತೆಗೆಯಬೇಕು.

ಅಳತೆ: ಸೀಟಿನ ಎತ್ತರ ಮುಂದೆ 16 ಇಂಚು, ಹಿಂದೆ 14. ಆಳ 20 ಇಂಚು. ಬೆನ್ನಿನ ಚೌಕಟ್ಟಿನ ಒಳ ಅಗಲ 18 ಇಂಚು, ಅಂದರೆ 457 ಮಿ.ಮೀ. ಊಟದ ಮೇಜಿಗೆ ಇದು ಆಗದು, ತಗ್ಗು ಜಾಸ್ತಿ. ಜಗಲಿಯಲ್ಲಿ ಒರಗಿ ಕೂರಲಿಕ್ಕೆ.

ಜೂನ್ ಮೊದಲ ವಾರ: ಮರ ಮತ್ತು ಉಪ್ಪು

ಒಡೆದ ದೋಣಿಯ ಹಲಗೆ ಸೌದೆ ರೇಟಿಗೆ ಸಿಕ್ಕಿತು. ಹಲಗೆ ಒಂದೂವರೆ ಇಂಚು ದಪ್ಪ. ಜೊತೆಗೆ ದೋಣಿಯ ಒಳಗಿನ ಒಂದು ಪಕ್ಕೆಲುಬು, ಹುಟ್ಟಿನಿಂದಲೇ ಬಾಗಿದ ಮರದಿಂದ ಕಡೆದದ್ದು. ಆಗ ಅದು ಯಾವುದಕ್ಕೆ ಅಂತ ಗೊತ್ತಿರಲಿಲ್ಲ. ಚಂದ ಕಂಡಿತು, ತಂದೆ.

ಪಕ್ಕದ ಮನೆಯ ಬಡಗಿ ಆಚಾರ್ರು ಒಂದು ಮೂಲೆ ಕೀಸುಳಿಯಲ್ಲಿ ಕೆರೆದು ನೋಡಿದರು. ಮೇಲೆ ಬೂದಿ ಬಣ್ಣ, ಒಳಗೆ ಅರಿಸಿನ ಮಿಶ್ರಿತ ಕಂದು. "ಹೆಬ್ಬಲಸು ಮಾರಾಯ್ರೆ. ನಿಮ್ಮ ಗರಗಸ ಹೋಯ್ತು ಅಂತ ಲೆಕ್ಕ ಹಾಕಿ" ಅಂದರು.

ಗರಗಸ ಹೋಗುವುದು ಮರದಿಂದ ಅಲ್ಲ, ಮೊಳೆಯಿಂದ. ಹಳೆ ಸ್ಪೀಕರ್‌ನ ಅಯಸ್ಕಾಂತ ಹಿಡಿದು ಹಲಗೆ ಪೂರ್ತಿ ಸವರಿದೆ. ಕಬ್ಬಿಣ ಇದ್ದಲ್ಲೆಲ್ಲ ಅದು ಎಳೆಯಿತು, ಅಲ್ಲಿ ಮರವೂ ಕಪ್ಪಗಾಗಿತ್ತು. ಎಲ್ಲ ಕಿತ್ತು ಗ್ರೈಂಡರ್ ಹಚ್ಚಿದರೆ ಮತ್ತೂ ಕಿಡಿ. ಪೂರ್ತಿ ತುಕ್ಕಾದ ಮೊಳೆಯನ್ನು ಅಯಸ್ಕಾಂತ ಅಷ್ಟಾಗಿ ಹಿಡಿಯುವುದಿಲ್ಲ. ತಾಮ್ರದ ಮೊಳೆಯನ್ನಂತೂ ಕೇಳುವುದೇ ಬೇಡ. ಹಾಗಾಗಿ ಕಣ್ಣನ್ನೇ ನಂಬಿ. ಕಪ್ಪು ಕಲೆ ಇದ್ದರೆ ಕಬ್ಬಿಣ, ಹಸಿರು ಕಲೆ ಇದ್ದರೆ ತಾಮ್ರ. ತಾಮ್ರ ಮೆತ್ತಗೆ, ಬ್ಲೇಡಿಗೆ ದೊಡ್ಡ ಪೆಟ್ಟಿಲ್ಲ. ತುಕ್ಕು ಮೊಳೆಗೆ ಎರಡು ಬ್ಲೇಡ್ ಬಲಿ.

ಹಲಗೆಯ ಒಂದು ಬದಿಯಲ್ಲಿ ಕಡಲ ಹುಳ ಕೊರೆದ ಬಿಲಗಳು. ಕಿರುಬೆರಳು ಹೋಗುವಷ್ಟು ದಪ್ಪ. ಒಳಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿನ ಗಟ್ಟಿ ಪದರ. ಹುಳವೇ ಅದನ್ನು ಮಾಡಿಕೊಳ್ಳುತ್ತದೆ. ಉಗುರಲ್ಲಿ ಕೆರೆದರೆ ಪುಡಿ ಪುಡಿಯಾಗಿ ಉದುರುತ್ತದೆ. ನೋಡಲಿಕ್ಕೆ ಬಹಳ ಚಂದ, ಮುಂದಿನ ಕಾಲಿಗೆ ಹಾಕುವ ಆಸೆ ಇತ್ತು. ಆದರೆ ಆ ಜಾಗದಲ್ಲಿ ಮರ ಅರ್ಧಕ್ಕರ್ಧ ಇಲ್ಲ. ಕಾಲಿಗೆ ಆಗುವುದಿಲ್ಲ. ತುಂಡು ಮಾಡಿ ಕುರ್ಚಿಯ ಕೈಯ ತುದಿಗೆ ಇಟ್ಟೆ, ಅಲ್ಲಿ ಭಾರ ಬೀಳುವುದಿಲ್ಲ. ಹಾಗಾದರೆ ನನ್ನ ನಿಯಮ? ಕೂತವರೆಲ್ಲರ ಬೆರಳು ತಾನಾಗಿ ಆ ತೂತಿಗೆ ಹೋಗುತ್ತದೆ. ಅದೂ ಒಂದು ಕೆಲಸ ಅಂತ ಒಪ್ಪಿಕೊಂಡೆ.

ಇನ್ನು ಉಪ್ಪು. ದೋಣಿ ಮರ ಒಣಗಿದಂತೆ ಕಾಣುತ್ತದೆ, ಆದರೆ ಒಳಗಿರುವ ಉಪ್ಪು ಗಾಳಿಯ ನೀರನ್ನೆಲ್ಲ ಎಳೆಯುತ್ತದೆ. ಮಳೆ ಬಂದ ದಿನ ಹಲಗೆ ಬೆವರುತ್ತಿತ್ತು. ಇದಕ್ಕೆ ಎಣ್ಣೆ ಹಿಡಿಯುವುದಿಲ್ಲ, ಸ್ಕ್ರೂ ಹಾಕಿದರೆ ತುಕ್ಕು. ಉಪಾಯ ಸುಲಭ. ಮಾಡಿನ ನೀರು ಬೀಳುವಲ್ಲಿ ಹಲಗೆಗಳನ್ನು ಇಟ್ಟಿಗೆ ಮೇಲೆ ಸಾಲಾಗಿ ಇಟ್ಟುಬಿಟ್ಟೆ. ಜೂನ್ ಮಳೆಗಿಂತ ಒಳ್ಳೆ ಸಿಹಿನೀರು ಬೇರೆ ಎಲ್ಲಿ ಸಿಗುತ್ತದೆ? ಮೂರ್ನಾಲ್ಕು ದಿನಕ್ಕೊಮ್ಮೆ ಮಗುಚಿ ಹಾಕುವುದು, ತುದಿಗೆ ನಾಲಗೆ ತಾಗಿಸಿ ನೋಡುವುದು. ಉಪ್ಪು ರುಚಿ ಹೋದ ಮೇಲೆ ಒಳಗೆ ತಂದೆ.

ಒಣಗಿಸಿದ್ದು ಬಚ್ಚಲ ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ. ಬೇಗ ಆಗಲಿ ಅಂತ ಒಂದು ಹಲಗೆಯನ್ನು ಒಲೆಗೆ ಹತ್ತಿರ ಇಟ್ಟಿದ್ದೆ, ಅದು ತುದಿಯಿಂದ ಒಂದು ಗೇಣು ಸೀಳಿತು. ಉಳಿದದ್ದನ್ನು ನಿಧಾನಕ್ಕೆ ಬಿಟ್ಟೆ. ತೂಕ ಬರೆದಿಡುತ್ತಿದ್ದೆ. ತೂಕ ಇಳಿಯುವುದು ನಿಂತರೆ ಈ ಹವೆಯಲ್ಲಿ ಅದಕ್ಕಿಂತ ಜಾಸ್ತಿ ಒಣಗುವುದಿಲ್ಲ ಅಂತ ಲೆಕ್ಕ.

ಜೂನ್ ಮಧ್ಯ: ಬಲೆ ತೊಳೆಯುವುದು

ಸೀಟಿಗೆ ಟ್ರಾಲ್ ಬಲೆಯ ಕೊನೆಯ ಚೀಲ. ಎಳೆದ ಮೀನೆಲ್ಲ ಬಂದು ಬೀಳುವುದು ಅದರೊಳಗೆ, ಹಾಗಾಗಿ ನೂಲು ದಪ್ಪ, ಭಾರ ತಡೆಯುತ್ತದೆ. ಕೂರುವ ಜಾಗಕ್ಕೆ ಇದಕ್ಕಿಂತ ಸರಿಯಾದ್ದು ಇಲ್ಲ.

ವಾಸನೆ ಮಾತ್ರ ಮನೆಯೊಳಗೆ ತರುವ ಹಾಗಿರಲಿಲ್ಲ. ಸೋಪಿನ ಪುಡಿಯಲ್ಲಿ ನೆನೆಸಿದೆ, ಹೋಗಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿದೆ, ಮೀನಿನ ವಾಸನೆಗೆ ಈಜುಕೊಳದ ವಾಸನೆ ಸೇರಿತು. ಅಮ್ಮ ನೋಡಿ, "ಮೀನು ತೊಳೆದ ಕೈಗೆ ಎಂತ ಹಾಕುವುದು? ಅದನ್ನೇ ಹಾಕು" ಅಂದರು. ಹುಣಸೆಹುಳಿ. ಹಳೆ ಹುಳಿ ಅರ್ಧ ಕಿಲೋ ಬಿಸಿನೀರಿನಲ್ಲಿ ಕಿವುಚಿ ಒಂದು ರಾತ್ರಿ ನೆನೆಸಿದೆ. ಮುಕ್ಕಾಲು ಭಾಗ ಹೋಯಿತು. ಇನ್ನೊಮ್ಮೆ ಮಾಡಿದ ಮೇಲೆ ಮೂಗು ಹತ್ತಿರ ಇಟ್ಟರೆ ಮಾತ್ರ ಗೊತ್ತಾಗುವಷ್ಟು ಉಳಿಯಿತು. ಕುದಿಸಲಿಕ್ಕೆ ಹೋಗಬೇಡಿ, ಈ ನೂಲು ಬಿಸಿಗೆ ಮೆತ್ತಗಾಗುತ್ತದೆ.

ನೂಲು ಯಾವುದು ಅಂತ ಗೊತ್ತು ಮಾಡಲು ಒಂದು ಬಕೆಟ್ ನೀರು ಸಾಕು. ತುಂಡು ಹಾಕಿ, ಒತ್ತಿ ಗಾಳಿ ಬಿಡಿಸಿ. ತೇಲಿದರೆ ಪಾಲಿಎಥಿಲೀನ್ ಜಾತಿಯದ್ದು, ಮುಳುಗಿದರೆ ನೈಲಾನ್. ಟ್ರಾಲ್ ಬಲೆ ತೇಲಿತು.

ಇದನ್ನು ಮೊದಲೇ ನೋಡಿದ್ದರೆ ಎಪಾಕ್ಸಿಯ (ಒಣಗಿ ಗಟ್ಟಿಯಾಗುವ ಅಂಟಿನ) ದುಡ್ಡು ಉಳಿಯುತ್ತಿತ್ತು. ಡಚ್ ವಿನ್ಯಾಸಕಾರ ಮಾರ್ಸೆಲ್ ವಾಂಡರ್ಸ್ 1996ರಲ್ಲಿ ಹಗ್ಗವನ್ನು ಗಂಟು ಹಾಕಿ ಹೆಣೆದು, ಎಪಾಕ್ಸಿಯಲ್ಲಿ ನೆನೆಸಿ, ತೂಗುಹಾಕಿ ಒಣಗಿಸಿ ಒಂದು ಕುರ್ಚಿ ಮಾಡಿದ್ದರು. ಒಣಗಿದ ಹಗ್ಗವೇ ಕಾಲು, ಹಗ್ಗವೇ ಸೀಟು. ಅದೇ ಧೈರ್ಯದಲ್ಲಿ ನಾನೂ ಬಲೆಯ ಒಂದು ತುಂಡಿಗೆ ಎಪಾಕ್ಸಿ ಹಚ್ಚಿದೆ. ಮರುದಿನ ಬಗ್ಗಿಸಿದರೆ ಗಾಜಿನ ಕೊಳವೆಯಂತೆ ಚಟಚಟ ಅಂತ ಎದ್ದು ಬಂತು. ಪಾಲಿಎಥಿಲೀನ್‌ಗೆ ಎಪಾಕ್ಸಿ ಅಂಟುವುದೇ ಇಲ್ಲ. ವಾಂಡರ್ಸ್ ಅವರ ಹಗ್ಗ ಕಾರ್ಬನ್ ಮತ್ತು ಅರಾಮಿಡ್ (ಬಲವಾದ ಕೃತಕ ನಾರು) ಎಳೆಯದ್ದು, ಅದರ ಕಥೆ ಬೇರೆ. ಕತ್ತದ ಹಗ್ಗಕ್ಕೂ ಹಚ್ಚಿ ನೋಡಿದೆ. ಅಂಟಿತು, ಗಟ್ಟಿಯೂ ಆಯಿತು. ಆದರೆ ಹೊರಗೆ ಚಾಚಿದ ನಾರೆಲ್ಲ ಸೂಜಿ ಆಯಿತು. ಅದರ ಮೇಲೆ ಕೂರುವವರು ಯಾರು?

ಜೂನ್ ಕೊನೆ: ಚೌಕಟ್ಟು

ಒಂದರ ತುದಿ ಕಡೆದು ಇನ್ನೊಂದರ ಕುಳಿಗೆ ತೂರಿಸಿ, ಹೊರಗಿನಿಂದ ಬೆಣೆ ಹೊಡೆಯುವ ಜೋಡಣೆ. ಕುಳಿ ಎಲ್ಲ ಅರ್ಧ ಇಂಚು ಅಗಲ. ನಾನು ಡ್ರಿಲ್‌ನಲ್ಲಿ ತೂತು ಸಾಲು ಮಾಡಿ ಉಳಿಯಲ್ಲಿ ಬಿಡಿಸಿದೆ. ಹಿಂದಿನ ಕಾಲು ಮತ್ತು ಬೆನ್ನಿನ ಕಂಬ ಒಂದೇ ಮರದಲ್ಲಿ ಬರಬೇಕು, ಆ ಓರೆ ಜೋಡಣೆ ನನ್ನ ಕೈಗೆ ಮೀರಿದ್ದು. ಅದಕ್ಕೆ ಆಚಾರ್ರ ಎರಡು ದಿನದ ಮಜೂರಿ. ಅವರು ಮೂಲೆಮಟ್ಟ ಮುಟ್ಟಲೇ ಇಲ್ಲ. ಒಂದು ಕಡ್ಡಿಗೆ ಗೀಟು ಹಾಕಿಕೊಂಡು ಅದರಲ್ಲೇ ನಾಲ್ಕೂ ಕಾಲು ಅಳೆದರು.

ಕಾಲಿನ ಕೆಳಗೆ ಬೆಂಡು ಇಡುವ ಯೋಚನೆ ಇತ್ತು, ಕುರ್ಚಿ ತೇಲಿದ ಹಾಗೆ ಕಾಣಲಿ ಅಂತ. ಇಟ್ಟು ಕೂತರೆ ನಾಲ್ಕೂ ಬೇರೆ ಬೇರೆ ಜಗ್ಗಿ ಕುರ್ಚಿ ಓಲಾಡಿತು. ತೆಗೆದೆ. ಬಲೆಯ ಸೀಸದ ಗುಂಡುಗಳನ್ನು ಮುಂದಿನ ಅಡ್ಡಪಟ್ಟಿಗೆ ಪೋಣಿಸುವುದೂ ಇತ್ತು. ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ, ಸೀಸ ವಿಷ. ಅದನ್ನೂ ಬಿಟ್ಟೆ.

ಜುಲೈ: 61 ಎಳೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದು. ಬೆನ್ನಿಗೆ 61 ಎಳೆ ಹಗ್ಗ, ರಜೆಯ ದಿನಕ್ಕೊಂದು. 5 ಮಿ.ಮೀ. ಹಗ್ಗ, 7.5 ಮಿ.ಮೀ.ಗೊಂದು ತೂತು. 450 ಮಿ.ಮೀ. ಒಳಗೆ 61 ಸರಿಯಾಗಿ ಕೂರುತ್ತದೆ. ಕಾಗದದಲ್ಲಿ ಲೆಕ್ಕ ಬಹಳ ಚಂದ.

ತೂತು 6 ಮಿ.ಮೀ. ಕೊರೆಯಬೇಕು. ಅಂದರೆ ಎರಡು ತೂತಿನ ನಡುವೆ ಮರ ಉಳಿಯುವುದು ಒಂದೂವರೆ ಮಿ.ಮೀ. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಕೊರೆದು, ಹಗ್ಗ ಬಿಗಿಯುತ್ತ ಅರ್ಧಕ್ಕೆ ಬರುವಾಗ ಪಟ್ಟಿ ಉದ್ದಕ್ಕೂ ಸೀಳಿತು, ಪೋಸ್ಟ್ ಸ್ಟಾಂಪಿನ ಹಾಳೆ ಹರಿದ ಹಾಗೆ. ಮೇಲಿನ ನೇರ ಪಟ್ಟಿಯೂ ಅಷ್ಟರಲ್ಲಿ ನಡುವೆ ಬಾಗಿತ್ತು. ಒಂದೊಂದು ಎಳೆ ಐದು ಕಿಲೋ ಎಳೆದರೂ 61 ಸೇರಿ ಮುನ್ನೂರು ಕಿಲೋ ದಾಟುತ್ತದೆ. ಪಟ್ಟಿ ಬಾಗಿದಂತೆ ಮೊದಲು ಕಟ್ಟಿದ ಎಳೆಗಳು ಸಡಿಲ. ಅವನ್ನು ಬಿಗಿದರೆ ಇನ್ನೂ ಬಾಗುತ್ತದೆ.

ಎರಡು ಬದಲಾವಣೆ ಮಾಡಿದೆ. ಮೇಲಿನ ಪಟ್ಟಿ ತೆಗೆದು ದೋಣಿಯ ಪಕ್ಕೆಲುಬನ್ನು ಹಾಕಿದೆ, ಉಬ್ಬು ಮೇಲಕ್ಕೆ. ಎರಡೂವರೆ ಇಂಚು ದಪ್ಪದ ಮರ, ನಾರು ಬಾಗಿನ ಉದ್ದಕ್ಕೂ ಹೋಗಿದೆ. ಹಗ್ಗ ಕೆಳಗೆ ಎಳೆದರೆ ಕಮಾನು ತಡೆಯುತ್ತದೆ. ಕಡಲಿನಲ್ಲಿ ಹೊರಗಿನಿಂದ ನೀರು ಒತ್ತುವಾಗ ಅದು ಮಾಡುತ್ತಿದ್ದ ಕೆಲಸವೂ ಹೆಚ್ಚುಕಮ್ಮಿ ಇದೇ.

ಎರಡನೆಯದು ತೂತಿನ ಸಾಲು. ಆಚಾರ್ರು ಪೆನ್ಸಿಲ್ ತೆಗೆದುಕೊಂಡು ಒಂದು ಬಿಟ್ಟು ಒಂದಕ್ಕೆ ಗುರುತು ಹಾಕಿದರು. "ಒಂದು ಮುಂದೆ, ಒಂದು ಹಿಂದೆ. ಎರಡು ಸಾಲು ಮಾಡಿ." ಸಾಲಿನೊಳಗೆ 15 ಮಿ.ಮೀ. ಅಂತರ, ತೂತಿನ ನಡುವೆ 9 ಮಿ.ಮೀ. ಮರ. ಸಾಲಿನಿಂದ ಸಾಲಿಗೆ 16 ಮಿ.ಮೀ. ಕೆಳಗಿನ ಪಟ್ಟಿಯನ್ನೂ ಎರಡು ಇಂಚು ದಪ್ಪದ್ದು ಹೊಸದಾಗಿ ಮಾಡಿದೆ.

ಕೊರೆಯುವ ಮೊದಲು ಗುರುತು ಎಣಿಸಿದೆ. 61 ಬೆಸ ಸಂಖ್ಯೆ. ಹಿಂದಿನ ಸಾಲಿನಲ್ಲಿ 31, ಅವುಗಳ ನಡುವಿನ ಸಂದಿಗೆ ಬರುವ ಮುಂದಿನ ಸಾಲಿನಲ್ಲಿ 30. ಜೂನ್‌ಗೆ 30, ಜುಲೈಗೆ 31! ನಾನು ಯೋಚಿಸಿದ್ದೇ ಅಲ್ಲ, ಮರ ಸೀಳದ ಹಾಗೆ ಮಾಡಲಿಕ್ಕೆ ಹೋಗಿ ಬಂದದ್ದು. ಆಮೇಲೆ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವುದೇ ಬೇಕಾಗಲಿಲ್ಲ. ಮುಂದಿನ ಜೂನ್ ಸಾಲಿಗೆ ನೀಲಿ, ಹಿಂದಿನ ಜುಲೈ ಸಾಲಿಗೆ ಹಸಿರು. ಎದುರಿನಿಂದ ಎರಡೂ ಬೆರೆತು ಕಾಣುತ್ತದೆ, ಪಕ್ಕದಿಂದ ಬೇರೆ ಬೇರೆ. ಒರಗಿದರೆ ಮೊದಲು ಜೂನ್ ಜಗ್ಗುತ್ತದೆ, ಆಮೇಲೆ ಜುಲೈ ತಡೆಯುತ್ತದೆ. ಬೆನ್ನಿಗೆ ಇದರಿಂದ ಒಳ್ಳೆ ಸುಖ.

ಕಟ್ಟುವ ಕ್ರಮ: ಪ್ರತಿ ಸಾಲಿಗೆ ಒಂದೇ ಹಗ್ಗ, ಮೇಲೆ ಹೋಗಿ ಕೆಳಗೆ ಬಂದು ಹೊಲಿದ ಹಾಗೆ. ತುದಿಗೆ ವೀಣೆಯ ಬಿರಡೆಯಂಥ ಗೂಟ ಇಟ್ಟರೆ ತಿರುಗಿಸಿ ಬಿಗಿ ಮಾಡಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ತೂತಿನ ಅಂಚಿನಲ್ಲಿ ಹಗ್ಗ ಹಿಡಿದುಕೊಂಡು, ಗೂಟದ ಹತ್ತಿರದ ನಾಲ್ಕೈದು ಎಳೆ ಮಾತ್ರ ಬಿಗಿಯಾಯಿತು. ಮತ್ತೆ ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ ಒಂದೊಂದೇ ಎಳೆ ಕೈಯಲ್ಲಿ ಎಳೆದು, ಪ್ರತಿ ತೂತಿಗೂ ತಾತ್ಕಾಲಿಕ ಬೆಣೆ ಸಿಕ್ಕಿಸಿ ಮುಂದೆ ಹೋಗಬೇಕಾಯಿತು. ಬೆಣೆಗೆ ಬಿದಿರಿನ ಕಡ್ಡಿ. ತೂತಿನ ಅಂಚು ಉಜ್ಜಿ ದುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಹಗ್ಗ ಸವೆಯುತ್ತದೆ.

ಸೀಟು, ಬೆಂಡು, ಹೆಂಚು

ಬಲೆಯನ್ನು ಅದು ಬಂದ ಹಾಗೆಯೇ ಕಟ್ಟಿದರೆ ಕಣ್ಣುಗಳು ವಜ್ರದ ಆಕಾರದಲ್ಲಿ ನಿಲ್ಲುತ್ತವೆ. ಕೂತ ಕೂಡಲೇ ಮುಚ್ಚಿಕೊಂಡು ಉದ್ದಕ್ಕೆ ಜಗ್ಗಿ, ಸೀಟು ಜೋಲಿ ಆಗುತ್ತದೆ. ಓರೆಯಾಗಿ ತಿರುಗಿಸಿ, ಕಣ್ಣು ಚೌಕವಾಗಿ ಚೌಕಟ್ಟಿಗೆ ನೇರ ಬರುವ ಹಾಗೆ ಕಟ್ಟಿ. ಆಗ ನೂಲು ನೇರ ಎಳೆಯುತ್ತದೆ, ಜಗ್ಗುವುದು ಎರಡು ಇಂಚು ಮಾತ್ರ. ಗಂಟುಗಳು ತೊಡೆಗೆ ಒತ್ತುತ್ತಿದ್ದವು. ಎರಡು ಪದರ ಹಾಕಿ, ಒಂದರ ಗಂಟು ಇನ್ನೊಂದರ ಕಣ್ಣಿನ ನಡುವೆ ಬರುವ ಹಾಗೆ ಸರಿಸಿದ ಮೇಲೆ ತಡೆದುಕೊಳ್ಳಬಹುದು. ಲುಂಗಿ ಉಟ್ಟು ಅರ್ಧ ಗಂಟೆ ಕೂತರೆ ಅಚ್ಚು ಬೀಳುವುದು ಈಗಲೂ ಉಂಟು.

ಕಾಲಿನಿಂದ ತೆಗೆದ ಬೆಂಡುಗಳಲ್ಲಿ ಎರಡನ್ನು ಹಗ್ಗಕ್ಕೆ ಪೋಣಿಸಿ ಕುತ್ತಿಗೆಯ ಹತ್ತಿರ ಕಟ್ಟಿದೆ. ದಪ್ಪ, ಸ್ವಲ್ಪ ಮೆದು, ನಡುವೆ ತೂತು ಮೊದಲೇ ಉಂಟು. ತಲೆ ಇಡಲಿಕ್ಕೆ ಹೇಳಿ ಮಾಡಿಸಿದ್ದು. ಬೆಂಡಿನ ಕೆಲಸ ತಲೆ ಮೇಲೆ ಎತ್ತಿ ಹಿಡಿಯುವುದು, ಅದನ್ನು ಕಾಲಿನ ಕೆಳಗೆ ಇಡಲು ಹೋದದ್ದೇ ತಪ್ಪು ಜಾಗ.

ಕುರ್ಚಿಯ ಬಲಗೈಯಲ್ಲಿ ಚಾ ಗ್ಲಾಸ್ ಇಡುವಲ್ಲಿ ಹೆಂಚಿನ ಒಂದು ತುಂಡು. ಹಳೆ ಮನೆ ಕೆಡವಿದಾಗ ಸಿಕ್ಕಿದ್ದು, 1865 ಅಂತ ಒತ್ತಿರುವ ಭಾಗ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆ ಹೆಂಚು ಸುಟ್ಟ ವರ್ಷ ಅಲ್ಲ, ಹಾಗಾಗಿ ಹಳೆ ಸಾಮಾನಿನವರು ಅದೇ ಕಾರಣಕ್ಕೆ ಬೆಲೆ ಏರಿಸಿದರೆ ನಂಬಬೇಡಿ. ಕಲ್ಲು ಕೊಯ್ಯುವ ಬ್ಲೇಡಿನಲ್ಲಿ ನೀರು ಬಿಡುತ್ತಾ ಕೊಯ್ಯಬೇಕು. ಮೊದಲ ತುಂಡು ನೀರಿಲ್ಲದೆ ಕೊಯ್ಯಲು ಹೋಗಿ ಅಂಚು ಒಡೆಯಿತು, ಅಂಗಳ ಕೆಂಪಾಯಿತು. ಕುರ್ಚಿಯ ಕೈಯ ಮರದಲ್ಲಿ ಕುಳಿ ಮಾಡಿ ಉಳಿದ ಎಪಾಕ್ಸಿಯಲ್ಲಿ ಕೂರಿಸಿದೆ. ಬಿಸಿ ಗ್ಲಾಸ್ ಇಟ್ಟರೆ ಕಲೆ ಇಲ್ಲ, ಚೆಲ್ಲಿದ ಚಾ ಹೆಂಚೇ ಕುಡಿಯುತ್ತದೆ.

ಎಣ್ಣೆ

ದೋಣಿಗೆ ಹಚ್ಚುತ್ತಿದ್ದದ್ದು ಬೂತಾಯಿ ಮೀನಿನ ಎಣ್ಣೆ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆ. ಅದನ್ನೇ ಹಚ್ಚುವ ಹಟ ನನ್ನದು. ಮೀನೆಣ್ಣೆ ಒಂದು ತುಂಡಿಗೆ ಹಚ್ಚಿ ಜಗಲಿಯಲ್ಲಿ ಇಟ್ಟೆ, ಕೇರಿಯ ಬೆಕ್ಕುಗಳೆಲ್ಲ ಹಾಜರ್. ಗೇರಿನ ಎಣ್ಣೆ ಮಳೆಯಲ್ಲಿ ಒಣಗಲೇ ಇಲ್ಲ, ಮೊಣಕೈಗೆ ತಾಗಿದಲ್ಲಿ ಬೊಕ್ಕೆ ಎದ್ದಿತು. ಕೈಗವಸು ಇಲ್ಲದೆ ಅದನ್ನು ಮುಟ್ಟಲೇಬೇಡಿ. ಕೊನೆಗೆ ಯಾರ ಮೈಯೂ ತಾಗದ ಕಾಲಿನ ಅಡಿಗೆ ಮಾತ್ರ ಅದನ್ನು ಹಚ್ಚಿದೆ, ಗೆದ್ದಲು ಮತ್ತು ನೀರಿಗೆ ಒಳ್ಳೆಯದು. ಉಳಿದ ಕಡೆಗೆಲ್ಲ ಲಿನ್‌ಸೀಡ್ (ಅಗಸೆ) ಎಣ್ಣೆ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮೂರು ಕೋಟ್. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಬಿಡಿಸಿ ಹಗ್ಗದ ಮೇಲೆ ಹರವಿ.

ಖರ್ಚು

ಮರ 900, ಬಲೆ 200, ಹಗ್ಗ ಎರಡು ಬಣ್ಣದಲ್ಲಿ 25 ಮೀಟರ್‌ನಂತೆ 360, ಉಪಯೋಗಕ್ಕೆ ಬಂದ ಎರಡು ಬೆಂಡು 120, ಎಣ್ಣೆ ಮತ್ತು ಟರ್ಪೆಂಟೈನ್ 520, ಬ್ಲೇಡ್, ಬಿಟ್, ಸ್ಯಾಂಡ್ ಪೇಪರ್ 850, ಎಪಾಕ್ಸಿ 950, ಆಚಾರ್ರಿಗೆ 2,400. ಒಟ್ಟು 6,300 ರೂಪಾಯಿ. ಹೆಂಚು, ಮಳೆನೀರು ಪುಕ್ಕಟೆ. ಹುಣಸೆಹುಳಿ ಅಮ್ಮನ ಡಬ್ಬಿಯದ್ದು, ಅದರ ಲೆಕ್ಕ ಇನ್ನೂ ಕೇಳಿಲ್ಲ.

ಆಗಸ್ಟ್: ಕೂತು ನೋಡಿದ್ದು

ಮೊದಲು ಮನುಷ್ಯರನ್ನು ಕೂರಿಸಲಿಲ್ಲ. 25 ಕಿಲೋದ ನಾಲ್ಕು ಕುಚ್ಚಲಕ್ಕಿ ಮೂಟೆ ಸೀಟಿನ ಮೇಲೆ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಸೀಟು ಅರ್ಧ ಇಂಚು ಜಾಸ್ತಿ ಜಗ್ಗಿತ್ತು, ಜೋಡಣೆ ಎಲ್ಲೂ ಬಿಟ್ಟಿರಲಿಲ್ಲ. ಆಮೇಲೆ ಆಚಾರ್ರು ಕೂತರು, ಹಿಂದಕ್ಕೆ ಜೋರಾಗಿ ಒರಗಿದರು, ಮುಂದಿನ ಕಾಲು ನೆಲ ಬಿಟ್ಟಿತು. ಹಿಂದಿನ ಕಾಲಿನ ಬುಡ ಇನ್ನಷ್ಟು ಹಿಂದೆ ಹೋಗಬೇಕಿತ್ತು. ಮರ ಬದಲಿಸುವ ಹಾಗಿಲ್ಲ, ಎರಡು ಹಿಂದಿನ ಕಾಲಿಗೂ ನೆಲದ ಮಟ್ಟದಲ್ಲಿ ಮೂರೂವರೆ ಇಂಚಿನ ಪಾದ ಜೋಡಿಸಿ, ಹಲಗೆಯಿಂದ ಕಿತ್ತ ತಾಮ್ರದ ಮೊಳೆ ಹೊಡೆದು ತುದಿ ಮಡಚಿದೆವು. ಈಗ ಏಳುವುದಿಲ್ಲ.

ಬಾಕಿ ಇರುವುದು ಎರಡು. ಪ್ಲಾಸ್ಟಿಕ್ ಹಗ್ಗ ಭಾರಕ್ಕೆ ನಿಧಾನಕ್ಕೆ ಉದ್ದವಾಗುತ್ತಲೇ ಇರುತ್ತದೆ, ಜೂನ್ ಸಾಲು ಈಗಾಗಲೇ ಒಮ್ಮೆ ಬಿಗಿ ಮಾಡಿ ಆಯಿತು. ಹಾಗಾಗಿ ತುದಿಯ ಗಂಟುಗಳನ್ನು ಸುಟ್ಟು ಕೂಡಿಸಿಲ್ಲ, ಬಿಚ್ಚಲು ಬರುವ ಹಾಗೆ ಬಿಟ್ಟಿದ್ದೇನೆ. ಮತ್ತೆ ಎಡಗೈಯ ಜೋಡಣೆ ಕಿರ್ರ್ ಅನ್ನುತ್ತದೆ. ಮಳೆ ಹವೆಯಲ್ಲಿ ಬೆಣೆ ಹೊಡೆದದ್ದು, ಒಣಗಿದಂತೆ ಸಡಿಲ ಆಗಿದೆ. ಈಗಲೇ ಹೊಸ ಬೆಣೆ ಹೊಡೆಯಬೇಡಿ, ಡಿಸೆಂಬರ್ ತನಕ ಮರ ಇನ್ನೂ ಕುಗ್ಗುತ್ತದೆ, ಆಮೇಲೆ ಒಂದೇ ಸಲ ಹೊಡೆಯುವ ಅಂತ ಆಚಾರ್ರು ಹೇಳಿದ್ದಾರೆ.